ಎಡಬಾಗಿಲಿನ ಸದ್ದು

ನಮ್ಮ ಕಾರಿನ ಎಡಬಾಗಿಲಿನೊಳಗೆ ಏನೋ ಒಂದು ಗಿಲಗಿಲ ಎನ್ನುತ್ತಿತ್ತು. ರಸ್ತೆಯಲ್ಲಿ ಗುಂಡಿ ಬಂದರೆ ಸಾಕು, ಗಿಲ್. ನನ್ನ ಯಜಮಾನರು ಅದಕ್ಕೆ ನನ್ನನ್ನೇ ಹೊಣೆ ಮಾಡಿದ್ದರು. "ಡೋರ್ ಹಾಕಾಕೆ ಬರಲ್ಲ ನಿಂಗೆ. ಕ್ಲಾಸ್‌ರೂಮ್ ಬಾಗಿಲು ಅನ್ಕಂಡೀಯೇನು? ನಿನ್ನ ಸಿಟ್ಟೆಲ್ಲ ಅದರೊಳಗೆ ಬಿದ್ದು ಸದ್ದು ಮಾಡ್ತೈತೆ," ಎನ್ನುತ್ತಿದ್ದರು. ನಾನು "ಎಕ್ಸ್‌ಕ್ಯೂಸ್ ಮಿ" ಎಂದು ಕಿಟಕಿಯತ್ತ ತಿರುಗಿಕೊಳ್ಳುತ್ತಿದ್ದೆ.

ಅವರು ಹೋದ ಮೇಲೆ ಕಾರು ಹೊನ್ನಾಳಿಯ ನಮ್ಮ ಬಾಡಿಗೆ ಮನೆಯ ಮುಂದೆ, ತಗಡಿನ ಶೀಟಿನ ಕೆಳಗೆ ನಿಂತುಬಿಟ್ಟಿತು. ನನಗೆ ಡ್ರೈವಿಂಗ್ ಬಾರದು. ಸಂಜೆ ಹೋಗಿ ಎಡಗಡೆ ಸೀಟಿನಲ್ಲಿ ಕೂತು ಪೇಪರ್ ಓದುತ್ತಿದ್ದೆ. ಮನೆಯಲ್ಲಿ ಕುರ್ಚಿಗಳಿಲ್ಲ ಎಂದಲ್ಲ. ಕುರ್ಚಿಯಲ್ಲಿ ಕೂತರೆ ಎದುರಿಗೆ ಯಾರೂ ಇಲ್ಲ ಎನ್ನುವುದು ಕಾಣುತ್ತದೆ. ಕಾರಿನಲ್ಲಿ ಹಾಗಲ್ಲ, ಅಲ್ಲಿ ಪಕ್ಕದವರ ಮುಖ ನೋಡದೆ ಮಾತಾಡಿಯೇ ಅಭ್ಯಾಸ. ಓದು ಮುಗಿಸಿ, ಇಳಿದು ಬಾಗಿಲು ಹಾಕಿದರೆ ಒಮ್ಮೆ ಗಿಲ್ ಎನ್ನುತ್ತಿತ್ತು. ಇಡೀ ದಿನದಲ್ಲಿ ನನಗೆ ಸಿಕ್ಕ ಉತ್ತರ ಅದೊಂದೇ ಆದ ದಿನಗಳೂ ಇದ್ದವು.

ಜಗಳೂರಿನಲ್ಲಿರುವ ನನ್ನ ತಂಗಿಯ ಮಗಳು ದಿನಾ ಸೊಕ್ಕೆಯ ಶಾಲೆಗೆ ಹೋಗಿ ಬರುವ ಮೇಡಮ್ಮು. ಬಸ್ಸು ತಪ್ಪಿದರೆ ಯಾರದೋ ಬೈಕಿನ ಹಿಂದೆ ಕೂತು ಹೋಗಬೇಕು. ಕಾರು ನೀನೇ ತಗೋ ಎಂದೆ. ಖುಷಿಯಿಂದ ಒಪ್ಪಿಕೊಂಡಳು. ಆಮೇಲೆ ಫೋನಿನಲ್ಲಿ, "ದೊಡ್ಡಮ್ಮ, ಆ ಗಿಲಗಿಲ ಒಂದು ತೆಗೆಸಿಡ್ರಿ. ಮೊದ್ಲೇ ಹೊಸದಾಗಿ ಓಡಿಸಾಕೆ ಕಲ್ತೀನಿ. ಏನೋ ಬಿಚ್ಕಂಡು ಬೀಳ್ತೈತೆ ಅಂತ ಎದೆ ಹೊಡ್ಕಂತೈತೆ," ಎಂದಳು.

ಗ್ಯಾರೇಜಿಗೆ ಹೇಳಿದ್ದರೆ ಅರ್ಧ ಗಂಟೆಯ ಕೆಲಸ. ಹೇಳಲಿಲ್ಲ. ಬಾಗಿಲೊಳಗೆ ಏನಿರಬಹುದು ಎಂದು ನನಗೊಂದು ಅನುಮಾನವಿತ್ತು.

ಹೊಳೆ ದಾಟುವಾಗ ನಮ್ಮ ಕಡೆ ಜನ ನೀರಿಗೊಂದು ಕಾಸು ಹಾಕಿ ಕೈಮುಗಿಯುತ್ತಾರೆ. ಯಜಮಾನರದು ಅಡಿಕೆ ವ್ಯಾಪಾರ. ಚನ್ನಗಿರಿ, ನಲ್ಲೂರು ಎಂದು ಓಡಾಟ; ರಜೆಯಿದ್ದರೆ ನಾನೂ ಜೊತೆಗೆ. ಸೇತುವೆ ಬಂದ ಕೂಡಲೇ ಜೇಬಿನಿಂದ ನಾಣ್ಯ ತೆಗೆದು ನನ್ನ ಕೈಗಿಡುತ್ತಿದ್ದರು. "ಗಂಗಮ್ಮಗೆ ಹಾಕು." ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಸಿಸ್ಟರ್ಸ್ ನಮಗೆ ಹೇಳಿಕೊಟ್ಟಿದ್ದು ಬೇರೆ: "ಗಾಡ್ ಈಸ್ ನಾಟ್ ಎ ಶಾಪ್‌ಕೀಪರ್, ಗರ್ಲ್ಸ್." ಆದರೂ ಹಾಕುತ್ತಿದ್ದೆ. ಧೂಳು ಬರುತ್ತದೆಂದು ಅವರು ಗಾಜನ್ನು ನಾಲ್ಕು ಬೆರಳಿಗಿಂತ ಕೆಳಗೆ ಇಳಿಸಗೊಡುತ್ತಿರಲಿಲ್ಲ, ಕಾರನ್ನೂ ನಿಧಾನ ಮಾಡುತ್ತಿರಲಿಲ್ಲ. ಆ ಸಂದಿಯಿಂದ ಕೈ ತೂರಿಸಿ ಎಸೆಯಬೇಕು. ರಸ್ತೆ ನೋಡುತ್ತಲೇ ಕೇಳುವರು: "ಬಿತ್ತಾ?"

"ಬಿತ್ತು ರೀ."

ಕೊನೆಯ ಸಲ ಹೊಳೆ ದಾಟಿದಾಗ ಅವರು ನನ್ನ ಸೀಟಿನಲ್ಲಿದ್ದರು. ಉಸಿರು ಕಟ್ಟುತ್ತಿತ್ತು. ದಾವಣಗೆರೆಯ ಆಸ್ಪತ್ರೆಗೆ ಹೊರಟಿದ್ದೆವು. ಕಾರು ಓಡಿಸಲು ಬಾಡಿಗೆ ಡ್ರೈವರ್, ನಾನು ಹಿಂದಿನ ಸೀಟಿನಲ್ಲಿ. ಸೇತುವೆ ಬಂತು. ಅವರು ಜೇಬು ತಡಕಿ ಹತ್ತು ರೂಪಾಯಿಯ ನಾಣ್ಯ ತೆಗೆದರು. ಆಗ ನಮ್ಮೂರಿನ ಅಂಗಡಿಗಳಲ್ಲಿ ಅದು ನಡೆಯುತ್ತಿರಲಿಲ್ಲ. "ಇದನ್ನ ಯಾವ ಅಂಗಡಿಯವ್ನೂ ತಗಳ್ಳಲ್ಲ. ಹೊಳೆ ತಗಳ್ತೈತೆ ಬಿಡು," ಎಂದರು. ಡ್ರೈವರ್ ನಕ್ಕ. ಕಷ್ಟಪಟ್ಟು ಹಿಡಿ ತಿರುಗಿಸಿ, ಗಾಜನ್ನು ಅದೇ ನಾಲ್ಕು ಬೆರಳು ಇಳಿಸಿ, ಕೈ ಎತ್ತಿ ಎಸೆದರು. ಕೇಳಬೇಕಾದವಳು ಅವತ್ತು ನಾನಾದೆ.

"ಬಿತ್ತಾ ರೀ?"

"ಹ್ಞೂಂ. ಬಿದ್ದಿರಬೇಕು," ಎಂದರು.

ಬಿತ್ತು ಎನ್ನಲಿಲ್ಲ. ಅವರನ್ನು ವಾಪಸ್ ತಂದದ್ದು ಆಂಬುಲೆನ್ಸಿನಲ್ಲಿ. ಅದರ ಕಿಟಕಿ ತೆರೆಯುವಂಥದ್ದಲ್ಲ. ಆ "ಬಿದ್ದಿರಬೇಕು" ಮಾತ್ರ ನನ್ನೊಳಗೆ ಹಾಗೇ ಉಳಿಯಿತು. ಬಾಗಿಲಿನಲ್ಲಿ ಆ ನಾಣ್ಯ ಇದೆಯೋ ಇಲ್ಲವೋ ಎಂದು ನಾನೇ ನೋಡಬೇಕಿತ್ತು. ಗ್ಯಾರೇಜಿನವನು ಧೂಳಿನ ಜೊತೆ ಕೊಡವಿ, "ಒಳಗೆ ಕಸ ಇತ್ರಮ್ಮ" ಎಂದುಬಿಟ್ಟರೆ?

ಶನಿವಾರ ಬೆಳಿಗ್ಗೆ ಫೋನಿನಲ್ಲಿ ಕಾರಿನ ಬಾಗಿಲು ಬಿಚ್ಚುವ ವಿಡಿಯೋ ಹಾಕಿಕೊಂಡು, ಕಾರಿನ ಪಕ್ಕ ಸ್ಟೂಲಿನ ಮೇಲೆ ಕೂತೆ. ಮೊದಲು ಹಿಡಿಕೆಯ ಹಿಂದಿನ ಸ್ಕ್ರೂ, ಆಮೇಲೆ ಕೈ ಊರುವ ಜಾಗದ ಕೆಳಗಿನವು. ಪಕ್ಕದ ಮನೆಯಾಕೆ ಬ್ಲೌಸ್ ಹೊಲಿಯುವವಳು. ಕಾಂಪೌಂಡಿನ ಮೇಲಿಂದ ಇಣುಕಿದಳು.

"ಯಾ ಅಲ್ಲಾ! ಟೀಚರ್, ಏನ್ ಮಾಡಾಕತ್ತೀರಿ? ಕಾರಿನ ಚರ್ಮ ಸುಲಿಯಾಕತ್ತೀರೇನು?"

"ಬಾರಮ್ಮ, ಒಂದು ಕೈ ಹಿಡಿ. ಬಟ್ಟೆ ಚೂರಿದ್ದರೆ ತಗೊಂಡು ಬಾ."

ಗಾಜು ಇಳಿಸುವ ಹಿಡಿಯ ಬೆನ್ನಿಗೆ ಒಂದು ಸಣ್ಣ ತಂತಿ ಕ್ಲಿಪ್ ಇರುತ್ತದೆ. ಬಟ್ಟೆಯ ಪಟ್ಟಿಯನ್ನು ಅದರ ಹಿಂದೆ ತೂರಿಸಿ, ಎರಡೂ ತುದಿ ಹಿಡಿದು ಆಚೆ ಈಚೆ ಎಳೆಯಬೇಕೆಂದು ವಿಡಿಯೋದವನು ಹೇಳುತ್ತಿದ್ದ. ಅವಳು ಲೈನಿಂಗ್ ಬಟ್ಟೆಯ ಪಟ್ಟಿ ತಂದು ಎಳೆದಳು. ಕ್ಲಿಪ್ ಚಿಮ್ಮಿ ಹೋಗಿ ತುಳಸಿ ಕುಂಡದಲ್ಲಿ ಬಿತ್ತು. ಹುಡುಕಿ ತಂದು, "ಬ್ಲೌಸ್ ಹುಕ್ಕೇ ವಾಸಿ," ಎಂದಳು. ಬಣ್ಣ ಕೆರೆಯಬಾರದೆಂದು ನಾನು ಮರದ ದೋಸೆ ಸಟ್ಟುಗವನ್ನು ಬಾಗಿಲಿನ ಒಳಹಲಗೆಯ ಅಂಚಿಗೆ ತೂರಿಸಿ ಮೀಟಿದೆ. ಟಪ್. ಇನ್ನೊಂದು ಟಪ್. ಸುತ್ತಲೂ ಪ್ಲಾಸ್ಟಿಕ್ ಕ್ಲಿಪ್ಪುಗಳು. ಒಂದು ಮುರಿದೇ ಹೋಯಿತು. ಕೊನೆಗೆ ಇಬ್ಬರೂ ಸೇರಿ ಹಲಗೆಯನ್ನು ಮೇಲಕ್ಕೆತ್ತಿದೆವು. ಕಳಚಿ ಕೈಗೆ ಬಂತು.

"ಪಾಪ, ನಾಚ್ಕೆ ಆಗಿರ್ತೈತೆ ಅದಕ್ಕೆ," ಎಂದಳು ಅವಳು.

ಒಳಗೊಂದು ಪಾಲಿಥಿನ್ ಹಾಳೆ, ಕಪ್ಪು ಗೋಂದಿನಲ್ಲಿ ಅಂಟಿಸಿದ್ದು. ಕೆಳಗಿನ ಮೂಲೆ ಬಿಡಿಸಿ, ಕೈಗೆ ಬಟ್ಟೆ ಸುತ್ತಿಕೊಂಡು ಒಳಗೆ ಹಾಕಿದೆ. ತಗಡಿನ ಅಂಚು, ಒಣಗಿದ ಕೆಸರು. ಕೆಸರಿನಲ್ಲಿ ನಾಣ್ಯಗಳು. ಗಾಜಿನ ಹೊರಗಡೆಯ ರಬ್ಬರ್ ಒಣಗಿ ಸಂದಿ ಬಿಟ್ಟಿತ್ತು. ಎಸೆದ ಕಾಸು ಗಾಳಿಗೆ ಹಿಂದೆ ಬಂದು, ಗಾಜಿಗೆ ತಾಗಿ, ಜಾರಿ ಆ ಸಂದಿಯೊಳಗೆ ಇಳಿದಿದ್ದವು. ನಾಲ್ಕಾಣೆ ಬಂತು, ಎಂಟಾಣೆ ಬಂತು. ಈಗ ನಡೆಯದ ಕಾಸುಗಳು. ಕೆಲವು ಅಂಟಿಕೊಂಡಿದ್ದವು, ಕೆಲವು ಸಡಿಲವಾಗಿದ್ದವು. ಇಷ್ಟು ವರ್ಷ ಗಿಲಗಿಲ ಎಂದಿದ್ದು ಇವೇ. ನನ್ನ ಸಿಟ್ಟಲ್ಲ. ಅದನ್ನು ಹೇಳಿ ಗೆಲ್ಲೋಣವೆಂದರೆ ಯಾರಿಗೆ ಹೇಳಲಿ?

ಎಲ್ಲಕ್ಕಿಂತ ಮೇಲೆ, ಕೆಸರು ಹತ್ತದೆ, ಹಳದಿ ಅಂಚಿನ ಹತ್ತು ರೂಪಾಯಿ ಇತ್ತು.

ನಾನು ಅದನ್ನು ಹಿಡಿದು ಕೂತದ್ದು ನೋಡಿ ಅವಳು, "ಏನ್ ಟೀಚರ್?" ಎಂದಳು. ಹೇಳಿದೆ. ಅವಳು ಸ್ಕ್ರೂಗಳನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾ ಹೇಳಿದಳು: "ಬಿದ್ದಿದ್ರೂ ಅಷ್ಟೇ ಇತ್ತು ಟೀಚರ್. ಹೊಳೆ ಏನ್ ಡಾಕ್ಟ್ರಾ?" ಗಂಟು ಬಿಗಿದು, "ಆದ್ರೂ ಕೊಟ್ಟಿದ್ದು ಮುಟ್ಟಬೇಕು. ಹೋಗಿ ಹಾಕ್ಬಿಡ್ರಿ," ಎಂದಳು.

ಎಲ್ಲ ತಿರುಗಿ ಜೋಡಿಸಿದೆವು. ಅವಳು ಹೋದ ಮೇಲೆ ಬಾಗಿಲು ಹಾಕಿ ನೋಡಿದೆ. ಧಪ್. ತೆರೆದು ಮತ್ತೆ ಹಾಕಿದೆ. ಬರೀ ಧಪ್. ಸಂಜೆ ಪೇಪರನ್ನು ಮನೆಯೊಳಗೇ ಓದಿದೆ.

ಭಾನುವಾರ ತಂಗಿಯ ಮಗಳು ಬಂದಳು. ಬಾಗಿಲು ಹಾಕಿ, ತೆಗೆದು, "ಸೂಪರ್ ದೊಡ್ಡಮ್ಮ! ಯಾರು ಮಾಡಿದ್ರು?" ಎಂದಳು. "ಇಲ್ಲೇ ಒಬ್ರು," ಎಂದೆ. ಊಟ ಮಾಡಿಸಿ, ಹೊಳೆಯವರೆಗೆ ಬರುತ್ತೇನೆಂದು ಎಡಗಡೆ ಕೂತೆ. ಅವಳು ಎರಡೂ ಕೈಯಲ್ಲಿ ಸ್ಟೀರಿಂಗ್ ಬಿಗಿಹಿಡಿದಿದ್ದಳು, ಮಾತಿಲ್ಲ. ಗುಂಡಿ ಬಂತು, ಹೋಯಿತು. ಕಾರಿನಲ್ಲಿ ಅಷ್ಟೊಂದು ಮೌನವಿರಬಹುದೆಂದು ನನಗೆ ಗೊತ್ತಿರಲಿಲ್ಲ.

ಸೇತುವೆಯ ಈಚೆಗೇ ಇಳಿದೆ. "ಬಿಸ್ಲಾಗೆ ಇಲ್ಯಾಕೆ ಇಳೀತೀರಿ?" ಎಂದಳು. "ವಾಕಿಂಗ್," ಎಂದೆ. ವಿಷಯ ಹೇಳಿದ್ದರೆ ಅವಳೂ ಇಳಿಯುತ್ತಿದ್ದಳು, ಜೊತೆಗೆ ನಿಂತು ಫೋಟೋ ತೆಗೆಯುತ್ತಿದ್ದಳು. ಒಳ್ಳೆಯ ಹುಡುಗಿ. ಕಾರು ಸೇತುವೆ ದಾಟಿ, ಬೇರೆ ಕಾರುಗಳಲ್ಲಿ ಯಾವುದು ನಮ್ಮದು ಎಂದು ತಿಳಿಯದಾಗುವವರೆಗೆ ನೋಡಿದೆ.

ನಡುವಿನವರೆಗೆ ನಡೆದೆ. ಹಳೆಯ ಕಾಸುಗಳನ್ನು ಮೊದಲು ಹಾಕಿದೆ. ಹತ್ತು ರೂಪಾಯಿಯನ್ನು ಸೇತುವೆಯ ಕಂಬಿಯ ಆಚೆಗೆ ಕೈ ಚಾಚಿ ಬಿಟ್ಟೆ. ಏನೂ ಕೇಳಿಕೊಳ್ಳಲಿಲ್ಲ, ಕೇಳಿಕೊಳ್ಳುವುದು ಏನಿತ್ತು? ಬಿಸಿಲಿಗೆ ಒಮ್ಮೆ ಮಿಂಚಿ, ನೀರಿಗೆ ಹೋಯಿತು. ಈ ಸಲ ಕಣ್ಣಾರೆ ಕಂಡೆ.

"ಬಿತ್ತು ರೀ," ಎಂದೆ.

ಜೋರಾಗಿಯೇ ಅಂದಿರಬೇಕು. ಊರ ಕಡೆಗೆ ಹೊರಟಿದ್ದ ಆಟೋದವನೊಬ್ಬ ನಿಧಾನಿಸಿ ತಲೆ ಹೊರಹಾಕಿದ.

"ಏನ್ ಬಿತ್ತಮ್ಮಾ? ಮೊಬೈಲಾ?"

"ಇಲ್ಲಪ್ಪ. ಹತ್ತು ರೂಪಾಯಿ."

"ಅಷ್ಟೇ ತಾನೆ, ಹೋಗ್ಲಿ ಬಿಡ್ರಿ. ಬಿಸ್ಲೈತೆ, ಹತ್ರಿ."

ಹತ್ತಿದೆ. ಸೀಟು ಪೂರ್ತಿ ಖಾಲಿಯಿತ್ತು, ನಡುವೆ ಆರಾಮಾಗಿ ಕೂರಬಹುದಿತ್ತು. ನಾನು ಎಡಗಡೆಯ ಅಂಚಿಗೆ ಸರಿದು ಕೂತೆ.