ಸಕ್ಕುಬಾಯಿ ಪಾಲುದಾರಳೋ, ಕೆಲಸದವಳೋ?

ವ್ಯಾಪಾರ ಕಾನೂನಿನ ಪಠ್ಯಪುಸ್ತಕ ತೆರೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾವ ಪುಟ ತಿರುವಿದರೂ ‘ಅ’ ಎಂಬುವನು ‘ಬ’ ಎಂಬುವನಿಗೆ ಕುದುರೆ ಮಾರುತ್ತಿರುತ್ತಾನೆ. ಧಾರವಾಡ ಬಿಟ್ಟು ಪುಣೆಗೆ ಬಂದು, ಕ್ಯಾಂಪ್ ಬಡಾವಣೆಯ ಕಾಲೇಜೊಂದರಲ್ಲಿ ಬಿ.ಕಾಂ. ಮಕ್ಕಳಿಗೆ ಇದನ್ನೇ ಕಲಿಸುತ್ತ ನನ್ನ ಕೂದಲು ಬೆಳ್ಳಗಾದವು. ರೇಸ್‌ಕೋರ್ಸ್ ಇರುವ ಊರಾದರೂ ನನಗೆ ಗೊತ್ತಿರುವವರಲ್ಲಿ ಒಬ್ಬರೂ ಕುದುರೆ ಮಾರಿಲ್ಲ, ಕೊಂಡಿಲ್ಲ. ಅದಕ್ಕೇ ನಾನು ಪುಸ್ತಕ ಮುಚ್ಚಿಟ್ಟು ಸಕ್ಕುಬಾಯಿಯ ಕತೆ ಹೇಳುತ್ತೇನೆ. “ಇದು ಪರೀಕ್ಷೆಗೆ ಬರುತ್ತಾ ಮೇಡಂ?” ಎಂದು ಯಾರಾದರೂ ಕೇಳಿದರೆ, ಬದುಕಿಗೆ ಬರುತ್ತದೆ, ಬಾಯಿ ಮುಚ್ಚಿಕೊಂಡು ಕೇಳು ಎನ್ನುತ್ತೇನೆ.

ಸಕ್ಕುಬಾಯಿ ಕಲಬುರಗಿ ಜಿಲ್ಲೆಯ ಆಳಂದದ ಕಡೆಯವಳು. ತೊಂಬತ್ತೆರಡರಲ್ಲಿ ಗಂಡ ಅಂಬಾರಾಯನ ಜೊತೆ ಪುಣೆಗೆ ಬಂದಳು. ಅವನು ಕಟ್ಟಡದ ಕೆಲಸಕ್ಕೆ ಹೋದ. ಇವಳು ಬಿಬವೇವಾಡಿಯ ಮಾರ್ಕೆಟ್ಟಿನಲ್ಲಿದ್ದ ಶಿವಪುತ್ರಪ್ಪನ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯಲು ಸೇರಿದಳು. ಜಮಖಂಡಿಯ ಈ ಶಿವಪುತ್ರಪ್ಪ ಕೆಟ್ಟವನಲ್ಲ. ಆದರೆ ಬಾಯಲ್ಲಿ ಬೆಲ್ಲ ಇಟ್ಟುಕೊಂಡೇ ಮಾತಾಡುವವನು, ಅಂಥವರ ಹತ್ತಿರ ಹುಷಾರಾಗಿರಬೇಕು. ಸಕ್ಕುಬಾಯಿ ಬರುವ ಮೊದಲು ಅವನ ಖಾನಾವಳಿಯ ರೊಟ್ಟಿ ಹಲ್ಲಿಗೆ ಕೆಲಸ ಕೊಡುತ್ತಿತ್ತು. ಇವಳು ಬಂದ ಮೇಲೆ ಮಧ್ಯಾಹ್ನ ಬಾಗಿಲ ಹೊರಗೆ ಜನ ನಿಲ್ಲತೊಡಗಿದರು. ನಾನೂ ಅಲ್ಲಿಂದಲೇ ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದೆ. ಧಾರವಾಡದವಳಾಗಿ ರೊಟ್ಟಿ ಬಡಿಯಲು ಬಾರದು ಎಂದು ನಮ್ಮವ್ವ ನನ್ನನ್ನು ಕೊನೆಯವರೆಗೂ ಬೈದಳು, ಪಾಪ.

ಕರಾರು ಎಂದರೆ ಏನೆಂದು ನಾನು ಮಕ್ಕಳಿಗೆ ತೋರಿಸುವುದು ಆ ಖಾನಾವಳಿಯಲ್ಲೇ. ಅಲ್ಲಿ ಗಿರಾಕಿ ಬಂದು ಕೂತರೆ ತಾಟಿಗೆ ಬಿಸಿ ರೊಟ್ಟಿ ಬೀಳುತ್ತದೆ. ತಿಂದರೆ ಇನ್ನೊಂದು ಬೀಳುತ್ತದೆ. ಸಾಕಾದವನು ತಾಟಿನ ಮೇಲೆ ಕೈ ಅಡ್ಡ ಹಿಡಿಯಬೇಕು. ಹಾಕುವುದು ಪ್ರಸ್ತಾಪ, ತಿನ್ನುವುದು ಒಪ್ಪಿಗೆ, ಏಳುವಾಗ ಕೊಡುವ ದುಡ್ಡು ಪ್ರತಿಫಲ. ಒಂದು ಮಾತಿಲ್ಲ, ಒಂದು ಕಾಗದವಿಲ್ಲ, ಆದರೂ ಅದು ಪಕ್ಕಾ ಕರಾರು. “ತಿಂದು, ನಾ ಏನೂ ಕೇಳೇ ಇಲ್ಲ ಅಂದ್ರ ನಡೀತದೇನ್ರಿ ಅಕ್ಕಾರ?” ಎಂದು ಸಕ್ಕುಬಾಯಿ ಒಲೆಯ ಮುಂದೆ ಕೂತೇ ನಗುತ್ತಿದ್ದಳು. ಟೀಚರಮ್ಮ ಎಂದು ಗೊತ್ತಾದ ದಿನದಿಂದ ನಾನು ಅವಳಿಗೆ ಅಕ್ಕಾರ.

ಶಿವಪುತ್ರಪ್ಪನಿಗೆ ಒಂದು ಪದ್ಧತಿ ಇತ್ತು. ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಗಲ್ಲಾಪೆಟ್ಟಿಗೆಯ ಮುಂದೆ ಎರಡು ಮಣೆ ಹಾಕಿಸುತ್ತಿದ್ದ. ಒಂದು ತನಗೆ, ಇನ್ನೊಂದು ಸಕ್ಕುಬಾಯಿಗೆ. ನಮ್ಮ ಕಡೆಯ ಅಂಗಡಿಗಳಲ್ಲಿ ಆ ಪೂಜೆಗೆ ಮಣೆ ಸಿಗುವುದು ಮಾಲೀಕನಿಗೆ, ಇಲ್ಲವೆ ಅಂಗಡಿಯಲ್ಲಿ ಪಾಲಿದ್ದವರಿಗೆ. ಕೆಲಸದವರು ಹಿಂದೆ ನಿಂತು ಕೈ ಮುಗಿದು, ಚುರುಮುರಿ ಪ್ರಸಾದ ತೆಗೆದುಕೊಂಡು ಹೋಗಬೇಕು. “ಈಕಿ ಬರೇ ರೊಟ್ಟಿ ಬಡ್ಯಾಕಿ ಅಲ್ರೀ, ನನ್ನ ಪಾರ್ಟನರ್!” ಎಂದು ಶಿವಪುತ್ರಪ್ಪ ಬಂದವರಿಗೆಲ್ಲ ಹೇಳಿ, ಜೊತೆಗೆ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದ. ಸಕ್ಕುಬಾಯಿ ಆ ಒಂದು ದಿನಕ್ಕಾಗಿ ವರ್ಷವಿಡೀ ಒಲೆಯ ಹೊಗೆ ಕುಡಿಯುತ್ತಿದ್ದಳು. ಹಬ್ಬಕ್ಕೆ ಮೊದಲೇ ಇಳಕಲ್ಲ ಸೀರೆ ತೊಳೆದು ಮಡಿಸಿ ಇಟ್ಟುಕೊಳ್ಳುತ್ತಿದ್ದಳು.

ಒಂದು ವರ್ಷ ಯಾರೋ ಗಿರಾಕಿ, “ಸಕ್ಕುಬಾಯಿ, ನೀವೇ ಒಂದು ಖಾನಾವಳಿ ತಗೀರಲ್ಲ” ಎಂದು ತಮಾಷೆ ಮಾಡಿದ. ಆ ದೀಪಾವಳಿಗೆ ಲಕ್ಷ್ಮಿಯ ಫೋಟೋದ ಮುಂದೆ ಅರಿಷಿಣ ಕುಂಕುಮ ಹಚ್ಚಿದ ಒಂದು ಬಾಂಡ್ ಪೇಪರ್ ಬಂತು. ಇಲ್ಲಿನ ಕೆಲಸ ಬಿಟ್ಟರೆ ಐದು ವರ್ಷ ಬಿಬವೇವಾಡಿಯಲ್ಲಿ ರೊಟ್ಟಿ ಮಾಡಿ ಮಾರುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಆರತಿ ಆಗುತ್ತಿದ್ದಂತೆ ಶಿವಪುತ್ರಪ್ಪ ಓದಿ ಹೇಳಿ ಮುಂದೆ ಇಟ್ಟ. ಬೇರೆ ಯಾರಾದರೂ ಆಗಿದ್ದರೆ ನಾಳೆ ನೋಡೋಣ ಎನ್ನುತ್ತಿದ್ದರು. ಇವಳು ಹೆಬ್ಬೆಟ್ಟು ಒತ್ತಿಬಿಟ್ಟಳು.

“ಯಾಕ ಒತ್ತಿದಿ ಹುಚ್ಚಿ?” ಎಂದು ನಾನು ಆಮೇಲೆ ರೇಗಿದೆ.

“ಲಕ್ಷ್ಮಿ ಮುಂದ ಕುಂತು ಇಲ್ಲ ಅನ್ನಬಾರದ್ರಿ ಅಕ್ಕಾರ. ಇಲ್ಲ ಅಂದ್ರ ವರ್ಷಪೂರ್ತಿ ಮನ್ಯಾಗ ಬರೇ ‘ಇಲ್ಲ’ ಅನ್ನೂದೇ ಆಗ್ತದ,” ಎಂದಳು.

ಪುಸ್ತಕದಲ್ಲಿ ಇದಕ್ಕೆ ಮುಕ್ತ ಸಮ್ಮತಿಯ ಪಾಠ ಎನ್ನುತ್ತಾರೆ. ಕತ್ತಿ ತೋರಿಸಿ ಸಹಿ ಮಾಡಿಸಿದರೆ ಅದು ಸಮ್ಮತಿಯಲ್ಲ ಎಂದು ಮಕ್ಕಳು ಪಟಪಟ ಹೇಳುತ್ತಾರೆ. ಆರತಿತಟ್ಟೆ ತೋರಿಸಿ ಮಾಡಿಸಿದರೆ ಏನು ಎಂದು ಕೇಳಿದರೆ ಪುಸ್ತಕದ ಪುಟ ತಿರುವತೊಡಗುತ್ತಾರೆ.

ಹೊಸ ಶತಮಾನ ಬಂತು. ಶಿವಪುತ್ರಪ್ಪ ಕ್ಯಾಂಪಿನಲ್ಲಿ ಇನ್ನೊಂದು ಖಾನಾವಳಿ ತೆರೆದ. ಬೋರ್ಡಿನ ಮೇಲೆ ‘ತಾಯಿಯ ಕೈರುಚಿ’ ಎಂದು ಬರೆಸಿದ. ಯಾರ ತಾಯಿ, ಯಾರ ಕೈ! ಅಲ್ಲಿಗೂ ರೊಟ್ಟಿ ಹೋಗುತ್ತಿದ್ದುದು ಸಕ್ಕುಬಾಯಿಯ ಒಲೆಯಿಂದಲೇ. ಸಕ್ಕುಬಾಯಿ ಪಗಾರ ಹೆಚ್ಚು ಮಾಡಿ ಎಂದು ಕೇಳಿದಳು. “ಪಾರ್ಟನರ್ ಆಗಿ ಪಗಾರ ಕೇಳ್ತೀಯೇನವಾ?” ಎಂದು ಅವನು ನಕ್ಕ. ಹಾಗಾದರೆ ಪಾಲು ಕೊಡಿ ಎಂದಳು. ಅವನು ಇನ್ನೂ ಜೋರಾಗಿ ನಕ್ಕ. “ಅದು ಬಾಯಿಮಾತು ಸಕ್ಕವ್ವ, ಪ್ರೀತೀಲೆ ಅಂದಿದ್ದು.”

ನೋಡಿ ಹೇಗಿದೆ ಚಮತ್ಕಾರ! ಪಗಾರ ಕೇಳಿದರೆ ಪಾಲುದಾರಳು, ಪಾಲು ಕೇಳಿದರೆ ಕೆಲಸದವಳು. ಸಕ್ಕುಬಾಯಿ ಅವತ್ತೇ ಕೈಗೆ ಮೆತ್ತಿದ ಹಿಟ್ಟು ತೊಳೆದುಕೊಂಡು ಹೊರಗೆ ಬಂದಳು. ಎರಡು ಗಲ್ಲಿ ದಾಟಿ ಒಂದು ತಗಡಿನ ಶೆಡ್ ಬಾಡಿಗೆಗೆ ಹಿಡಿದಳು. ಒಂದು ಒಲೆ, ಎರಡು ಬೆಂಚು. ಕನ್ನಡದಲ್ಲೂ ಮರಾಠಿಯಲ್ಲೂ ‘ಸಕ್ಕುಬಾಯಿ ರೊಟ್ಟಿ’ ಎಂದು ಬೋರ್ಡು ಬರೆಸಿದಳು. ಜನ ಮೂಗು ಹಿಡಿದು ಎಳೆದಂತೆ ಅಲ್ಲಿಗೆ ಬಂದರು.

ತಿಂಗಳಾಗುವಷ್ಟರಲ್ಲಿ ಶಿವಪುತ್ರಪ್ಪನ ವಕೀಲ ಬಾಳಕೃಷ್ಣ ಅವರ ನೋಟಿಸು ಬಂತು. ಅಂಗಡಿ ಮುಚ್ಚು, ಇಲ್ಲವಾದರೆ ಕೋರ್ಟಿಗೆ ಬಾ. ಇಂಗ್ಲಿಷಿನಲ್ಲಿದ್ದ ಅದನ್ನು ಓದಿಸಲು ಸಕ್ಕುಬಾಯಿ, ಅಂಬಾರಾಯ ಇಬ್ಬರೂ ನಮ್ಮ ಮನೆಗೆ ಬಂದರು. ಓದುತ್ತ ಓದುತ್ತ ನನ್ನ ತಲೆ ಕೆಟ್ಟುಹೋಯಿತು. ಅದರಲ್ಲಿ ಇವಳನ್ನು ‘ವ್ಯವಹಾರದಿಂದ ಹೊರಬಿದ್ದ ಪಾಲುದಾರಳು’ ಎಂದು ಕರೆದಿದ್ದರು. ಸಾಕ್ಷಿಗೆ ಮಣೆಯ ಮೇಲೆ ಕೂತ ಲಕ್ಷ್ಮೀಪೂಜೆಯ ಫೋಟೋ!

ನಾನು ಅವರಿಬ್ಬರನ್ನೂ ಕೂರಿಸಿ ಚಹಾ ಕೊಟ್ಟು ವಿವರಿಸಿದೆ. ನಮ್ಮ ಕರಾರು ಕಾಯ್ದೆಯ ಪ್ರಕಾರ, ದುಡಿದು ತಿನ್ನುವವರ ದುಡಿಮೆಗೆ ಬೇಲಿ ಹಾಕುವ ಕರಾರು ನಿಲ್ಲುವುದಿಲ್ಲ. ಕೆಲಸದವಳು ಕೆಲಸ ಬಿಟ್ಟ ಮೇಲೆ ಎಲ್ಲಿ ಬೇಕಾದರೂ ರೊಟ್ಟಿ ಬಡಿಯಬಹುದು, ಹೆಬ್ಬೆಟ್ಟು ಒತ್ತಿದ್ದರೂ ಸರಿ. ಆದರೆ ಪಾಲುದಾರರ ಕಾಯ್ದೆ ಬೇರೆ. ಬಿಟ್ಟುಹೋಗುವ ಪಾಲುದಾರ ಇಂತಿಷ್ಟು ಕಾಲ, ಇಂಥ ಜಾಗದಲ್ಲಿ ಅದೇ ಧಂದೆ ಮಾಡುವುದಿಲ್ಲ ಎಂದು ಒಪ್ಪಿದ್ದರೆ, ಆ ಮಾತು ಸಮಂಜಸ ಅನ್ನಿಸಿದರೆ, ಕೋರ್ಟು ಅದನ್ನು ಎತ್ತಿಹಿಡಿಯಬಹುದು. ಅದಕ್ಕೇ ಇವಳು ಈಗ ಇದ್ದಕ್ಕಿದ್ದಂತೆ ಪಾಲುದಾರಳಾಗಿದ್ದು.

“ಪಾಲುದಾರಳು ಹೌದು ಅಂದ್ರ ಲಾಭದಾಗ ಪಾಲು ಬರಬೇಕಲ್ಲ?” ಎಂದಳು ಸಕ್ಕುಬಾಯಿ.

“ಬರಬೇಕು. ಪಾಲುದಾರಿಕೆಯ ಬುಡವೇ ಅದು.”

ಅಂಬಾರಾಯ ಚಹಾದ ಬಟ್ಟಲು ಕೆಳಗಿಟ್ಟ. “ಕೋರ್ಟು ಕಚೇರಿ ನಮಗ್ಯಾಕ ಬೇಕು? ಖರಾಡ್ಯಾಗ ದೊಡ್ಡ ದೊಡ್ಡ ಆಫೀಸ್ ಕಟ್ಟಲಾಕತ್ತಾರ. ಇಬ್ಬರೂ ಅಲ್ಲೇ ಕೆಲಸಕ್ಕ ಹೋಗೂಣು, ನಡಿ.”

“ನಾ ಬರಂಗಿಲ್ಲ!” ಸಕ್ಕುಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ನನ್ನ ಕೈಯಾಗ ಇರೂದು ಇದೊಂದೇ ವಿದ್ಯಾ. ಅದನ್ನೂ ಆ ಮನಶ್ಯಾನ ಕೈಯಾಗ ಕೊಟ್ಟು ನಾ ಇಟ್ಟಂಗಿ ಹೊರಬೇಕೇನು? ಒಲಿ ಆರಸಂಗಿಲ್ಲ ನಾ. ಏನ್ ಮಾಡ್ತಾನ ಮಾಡ್ಲಿ!”

ಕೋರ್ಟಿಗೆ ಹೋಗುವ ಮೊದಲು ತಮ್ಮ ಆಫೀಸಿನಲ್ಲಿ ಒಮ್ಮೆ ಕೂತು ಮಾತಾಡೋಣ ಎಂದು ಬಾಳಕೃಷ್ಣ ವಕೀಲರು ಹೇಳಿಕಳಿಸಿದರು. ಸಕ್ಕುಬಾಯಿ ಒಪ್ಪಲಿಲ್ಲ. “ಅವರು ನನಗ ಪಾರ್ಟನರ್ ಅಂದಿದ್ದು ಖಾನಾವಳ್ಯಾಗ, ಮಂದಿ ಮುಂದ. ಮಾತೂ ಅಲ್ಲೇ ಆಗಲಿ,” ಎಂದಳು. ನನಗೂ ತಾಕೀತು ಮಾಡಿದಳು: “ನೀವು ಬರ್ರಿ, ಆದರ ನಡುವ ಬಾಯಿ ಹಾಕಬ್ಯಾಡ್ರಿ.” ಬಾಯಿ ಮುಚ್ಚಿಕೊಂಡಿರುವುದು ನನಗೆ ಎಷ್ಟು ಕಷ್ಟ ಎಂದು ನನ್ನ ಕ್ಲಾಸಿನ ಮಕ್ಕಳನ್ನು ಕೇಳಿ.

ನಾವು ಖಾನಾವಳಿಗೆ ಹೋದಾಗ ಊಟದ ಗದ್ದಲ ಇಳಿದಿತ್ತು. ಒಂದು ಮೂಲೆಯಲ್ಲಿ ಗೋಡೆ ಕಟ್ಟುವ ನಾಲ್ಕಾರು ಗೌಂಡಿಗಳು ಇನ್ನೂ ಉಣ್ಣುತ್ತಿದ್ದರು. ಒಳಗೆ ಒಲೆಯ ಮುಂದೆ ಬಸವಣ್ಣೆವ್ವ ಕೂತಿದ್ದಳು. ಸಕ್ಕುಬಾಯಿ ಬಿಟ್ಟ ಜಾಗಕ್ಕೆ ಬಂದ ವಿಧವೆ ಅವಳು. ಬಂದ ದಿನವೇ ಅವಳಿಂದಲೂ ಅಂಥದೇ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಶಿವಪುತ್ರಪ್ಪ ಗಲ್ಲಾಪೆಟ್ಟಿಗೆಯ ಹಿಂದೆ, ವಕೀಲರು ಪಕ್ಕದ ಕುರ್ಚಿಯಲ್ಲಿ. ಸಕ್ಕುಬಾಯಿ ಕೂರಲಿಲ್ಲ.

“ಸಾವುಕಾರ್ರ, ಒಂದೇ ಮಾತು ಕೇಳ್ತೀನಿ. ನಾ ನಿಮ್ಮ ಪಾರ್ಟನರ್ ಏನ್ರಿ, ಕೆಲಸದಾಕಿ ಏನ್ರಿ?”

“ಹಂಗ ಕೇಳ್ತಾರೇನವಾ?” ಶಿವಪುತ್ರಪ್ಪನ ಬೆಲ್ಲದ ಬಾಯಿ ತೆರೆಯಿತು. “ಬಾಜೂಕ ಮಣಿ ಹಾಕಿ ಕುಂಡ್ರಿಸಿ ಪೂಜಿ ಮಾಡೀನಿ. ಪಾರ್ಟನರ್ ಅಲ್ದ ಮತ್ತೇನು?”

“ಭಾಳ ಚಲೋ ಆತು. ಹಂಗಾರ ಲೆಕ್ಕಾ ತಗೀರಿ. ನಾ ಬಂದ ವರ್ಷದಿಂದ ಬಿಟ್ಟ ದಿನದ ತನಕ ಏನು ಲಾಭ ಆಗ್ಯದ, ಅದರಾಗ ನನ್ನ ಪಾಲು ಕೊಡ್ರಿ. ಕ್ಯಾಂಪಿನ ಅಂಗಡಿದೂ ಬರಲಿ. ಕೊಟ್ಟ ದಿನ ನನ್ನ ಶೆಡ್ಡಿಗೆ ಕೀಲಿ ಹಾಕಿ, ಐದು ವರ್ಷ ಮನ್ಯಾಗ ಆರಾಮ ಕುಂಡರ್ತೀನಿ.”

ಗೌಂಡಿಗಳು ತುತ್ತು ಎತ್ತುವುದನ್ನು ಬಿಟ್ಟು ಈ ಕಡೆ ತಿರುಗಿದರು. ಶಿವಪುತ್ರಪ್ಪ ವಕೀಲರ ಮುಖ ನೋಡಿದ. ಬಾಳಕೃಷ್ಣ ವಕೀಲರು ಕನ್ನಡಕ ತೆಗೆದು ಒರೆಸಿಕೊಂಡು, ಅವನ ಕಿವಿಯಲ್ಲಿ ಹೇಳಿದರೂ ನಮಗೆಲ್ಲ ಕೇಳಿಸಿತು. “ವಿಚಾರ ಮಾಡಿ ಹೇಳ್ರಿ. ಪಾರ್ಟನರ್ ಅಂದ್ರ ಲೆಕ್ಕ ಕೊಡಬೇಕಾಗ್ತದ. ಕೆಲಸದಾಕಿ ಅಂದ್ರ ಈ ಬಾಂಡ್ ನಿಲ್ಲೂದಿಲ್ಲ. ಎರಡೂ ನಿಮಗ ಬೇಕು ಅಂದ್ರ ಆಗೂದಿಲ್ರಿ.”

ಶಿವಪುತ್ರಪ್ಪ ಮೇಜಿನ ಮೇಲಿನ ಬಡೇಸೋಪಿನ ಡಬ್ಬಿಯನ್ನು ಆ ಕಡೆ ಈ ಕಡೆ ಸರಿಸಿದ. ಆಮೇಲೆ ತಲೆ ತಗ್ಗಿಸಿಯೇ ಗೊಣಗಿದ. “ಕೆಲಸದಾಕಿ.”

“ಜೋರಲೆ ಹೇಳ್ರಿ. ಆ ಮಾತು ಜೋರಲೆ ಹೇಳ್ತಿದ್ರಲ್ಲ, ಇದನ್ನೂ ಹೇಳ್ರಿ.”

“ಕೆಲಸದಾಕಿ ಅಂದ್ನೆಲ್ಲಾ! ಕೆಲಸದಾಕಿ! ಪಗಾರ ಕೊಟ್ಟೀನಿ, ಕೆಲಸಾ ಮಾಡೀದಿ. ಪಾರ್ಟನರ್ ಅಂತ ಪಾರ್ಟನರ್! ಆತಿಲ್ಲೋ?”

ನನಗೆ ಕುಣಿಯುವಷ್ಟು ಖುಷಿಯಾಯಿತು. ಗೆದ್ದೆವು ಎಂದು ಸಕ್ಕುಬಾಯಿಯ ಕಡೆ ತಿರುಗಿದರೆ ಅವಳ ಕಣ್ಣು ತುಂಬಿದ್ದವು. ಅಂಗಡಿ ಉಳಿಯಿತು, ಸರಿ. ಆದರೆ ಇಷ್ಟು ವರ್ಷ ತಾನು ನಂಬಿದ ಮಾತು ಸುಳ್ಳು ಎಂದು ಅವನ ಬಾಯಿಂದಲೇ ಕೇಳಿದ್ದಳು. ಅವಳು ಕಣ್ಣು ಒರೆಸಿಕೊಳ್ಳಲಿಲ್ಲ.

“ಆತ್ರಿ. ಕೆಲಸದಾಕಿ ಕೆಲಸಾ ಬಿಟ್ಟಾಳ. ಇನ್ನ ಅಕಿ ಎಲ್ಲಿ ಒಲಿ ಹೂಡ್ತಾಳ ಅಂತ ನೀವು ಕೇಳೂ ಹಾಂಗಿಲ್ಲ,” ಎಂದು ಹೇಳಿ ಹೊರಟಳು.

ಬಾಗಿಲು ದಾಟುವಷ್ಟರಲ್ಲಿ ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ಬಸವಣ್ಣೆವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಶಿವಪುತ್ರಪ್ಪನ ಮುಂದೆ ನಿಂತಳು. “ಹಂಗಾರ ನಾನೂ ಕೆಲಸದಾಕೀನೇ ಅಲ್ಲೇನ್ರಿ ಸಾವುಕಾರ್ರ? ನನ್ನ ಕಾಗದಾನೂ ನಿಲ್ಲೂದಿಲ್ಲೇನ್ರಿ?”

ಶಿವಪುತ್ರಪ್ಪ ಮತ್ತೆ ವಕೀಲರ ಕಡೆ ತಿರುಗಿದ. ವಕೀಲರು ಕೆಮ್ಮಿದರು. ಬಸವಣ್ಣೆವ್ವ ಸೆರಗಿಗೆ ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ, ಸಕ್ಕುಬಾಯಿಯ ಹಿಂದೆ ಓಡಿದಳು. ನಡುರಸ್ತೆಯಲ್ಲಿ ಅವಳ ತೋಳು ಹಿಡಿದು ನಿಲ್ಲಿಸಿದಳು. “ನನ್ನೂ ಕರಕೊಂಡು ಹೋಗವಾ. ಇಬ್ಬರೂ ಪಾರ್ಟನರ್ ಆಗಿ ಮಾಡೂಣು.”

ಸಕ್ಕುಬಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

“ಬಾ. ಶನಿವಾರಕ್ಕ ಶನಿವಾರ ಪಗಾರ ಕೊಡ್ತೀನಿ. ಪಾರ್ಟನರ್ ಅಂತ ಮಾತ್ರ ಇವತ್ತು ಅನ್ನಂಗಿಲ್ಲ. ಪಾಲು ಕೊಟ್ಟ ದಿನ ಅಂತೀನಿ.”