ಕಳ್ಳ ಕುಬಸದ ಹಸಿರು ಖಣ

ತಂಗಿಗೆ ಕಳಿಸಲೆಂದು ಇವತ್ತು ಬೀರುವಿನಿಂದ ಒಂದು ಹಸಿರು ಖಣ ತೆಗೆದೆ. ಡಾಂಬರು ಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಈ ವಾಸನೆಗೆ ನಿಮಗೇನು ನೆನಪಾಗುತ್ತದೋ ಕಾಣೆ. ನನಗೆ ಮಾತ್ರ ದಿಲ್‌ಸುಖ್‌ನಗರದ ಒಂದು ದವಾಖಾನೆ, ಅಲ್ಲಿ ನನ್ನನ್ನು ಹೊರಗೆ ಕಳಿಸಿದ ಅವ್ವ ನೆನಪಾಗುತ್ತಾಳೆ.

ಹೈದರಾಬಾದು ಇನ್ನೂ ಆಂಧ್ರದ ರಾಜಧಾನಿಯಾಗಿದ್ದ ಕೊನೆಯ ವರ್ಷಗಳು. ಯಜಮಾನರಿಗೆ ಅಲ್ಲಿ ಕೇಂದ್ರ ಸರಕಾರದ ಕಾರ್ಖಾನೆಯಲ್ಲಿ ಕೆಲಸ. ನಾನು ಚೊಚ್ಚಲ ಬಸುರಿ. ಮೂರು ತಿಂಗಳು ತುಂಬುವ ತನಕ ಯಾರ ಮುಂದೂ ಬಾಯಿ ಬಿಡಕೂಡದೆಂದು ಬಾಗಲಕೋಟೆಯಿಂದ ಅವ್ವ ಫೋನಿನಲ್ಲೇ ಕಟ್ಟಪ್ಪಣೆ ಮಾಡಿದ್ದಳು. ಅವಳ ಲೆಕ್ಕದಲ್ಲಿ ಡಾಕ್ಟರೂ ಆ 'ಯಾರು' ಎಂಬುದರೊಳಗೇ ಬರುತ್ತಿದ್ದರು. ನಾನು ಮನೆಯ ಹಿರಿಯ ಮಗಳು. ಹಿರಿಯ ಮಗಳು ಹೇಳಿದ ಮಾತು ಮೀರುವುದಿಲ್ಲ ಎಂಬ ಹೆಸರನ್ನು ಉಳಿಸಿಕೊಂಡೇ, ಗುಟ್ಟಾಗಿ ಹೋಗಿ ತೋರಿಸಿಕೊಂಡು ಬಂದೆ.

ಡಾಕ್ಟರಮ್ಮ ಹೇಳಿದ್ದೇ ಬೇರೆ. ಮೂರು ತಿಂಗಳು ತುಂಬುವ ಹೊತ್ತಿಗೇ ಒಂದು ತಪಾಸಣೆ ಆಗಬೇಕು: ಎರಡೂ ತೋಳಿನ ಬಿ.ಪಿ., ರಕ್ತ ಪರೀಕ್ಷೆ, ಕೂಸಿನ ಕಡೆಗೆ ರಕ್ತ ಹೇಗೆ ಹರಿಯುತ್ತಿದೆ ಎಂದು ನೋಡುವ ಸ್ಕ್ಯಾನಿಂಗ್. ಮುಂದೆ ತಾಯಿಗೆ ಬಿ.ಪಿ. ಏರೀತೇ, ಕೂಸು ಸರಿಯಾಗಿ ಬೆಳೆಯದೆ ಹೋದೀತೇ ಎಂಬ ಅಂದಾಜು ಆಗಲೇ ಸಿಗುತ್ತದಂತೆ. ನಮ್ಮವರು ಬಾಯಿಗೆ ಬೀಗ ಹಾಕುವ ದಿನಗಳಲ್ಲೇ ಡಾಕ್ಟರಿಗೆ ಎಲ್ಲವೂ ಗೊತ್ತಾಗಬೇಕಿತ್ತು.

ಅದೇ ವಾರ ಅವ್ವ ಕಳ್ಳ ಕುಬಸ ಮಾಡಲು ಬಂದಳು. ನಮ್ಮ ಕಡೆ ಊರೆಲ್ಲ ಉಂಡು ಹೋಗುವ ದೊಡ್ಡ ಕುಬಸಕ್ಕೆ ಮುಂಚೆ, ಮೂರನೆಯ ತಿಂಗಳಲ್ಲಿ, ತವರಿನವರು ಬಸುರಿಗೆ ಸದ್ದಿಲ್ಲದೆ ಹಸಿರು ಕುಬಸ ತೊಡಿಸುತ್ತಾರೆ. ಡಾಂಬರು ಗುಳಿಗೆಯ ವಾಸನೆ ಹೊಡೆಯುವ ಗುಳೇದಗುಡ್ಡದ ಕುಬಸದ ಖಣ, ಡಬ್ಬಿಗಟ್ಟಲೆ ಉಂಡಿ, ಇಷ್ಟೆಲ್ಲ ಹೊತ್ತು ತಂದವಳು ಎದುರು ಮನೆಯವರಿಗೆ ಮಾತ್ರ ಚಾರ್‌ಮಿನಾರ್ ನೋಡಲು ಬಂದಿದ್ದೇನೆ ಎಂದಳು. ಚಾರ್‌ಮಿನಾರಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಡಾಕ್ಟರ ವಿಷಯ ಇನ್ನು ಅವಳಿಂದ ಮುಚ್ಚಿಡಲಾಗಲಿಲ್ಲ; ಗೊಣಗುತ್ತಲೇ ತಪಾಸಣೆಗೆ ಅವಳೂ ಜೊತೆಗೆ ಬಂದಳು. ಬಸುರಿಯಾಗಿದ್ದಾಗ ನಿಮಗೆ ಬಿ.ಪಿ. ಏರಿತ್ತೇ, ಕೂಸಿಗೇನಾದರೂ ತೊಂದರೆಯಾಗಿತ್ತೇ ಎಂದು ಡಾಕ್ಟರಮ್ಮ ಅವ್ವನನ್ನು ಹಿಂದಿಯಲ್ಲಿ ಕೇಳಿದರು. ಹರಕುಮುರುಕು ಹಿಂದಿ ಬಲ್ಲ ಅವ್ವ ಇಲ್ಲವೆಂದು ತಲೆಯಾಡಿಸಿದಳು. ಬಸುರಿಯ ಮುಂದೆ ಕೆಟ್ಟ ಸುದ್ದಿ ಆಡಬಾರದೆನ್ನುವುದು ನಮ್ಮವರ ಕಟ್ಟುನಿಟ್ಟು. ನಮ್ಮ ಓಣಿಯಲ್ಲಿ ಬಸುರಿಯೊಬ್ಬಳು ಕಟ್ಟೆಗೆ ಬಂದು ಕೂತರೆ ಸಾಕು, ಹೆಂಗಸರ ಮಾತು ಥಟ್ಟನೆ ಹಪ್ಪಳ ಸಂಡಿಗೆಗೆ ತಿರುಗುತ್ತಿತ್ತು.

ನರ್ಸು ನನ್ನ ಎರಡೂ ತೋಳಿಗೆ ಪಟ್ಟಿ ಸುತ್ತಿದಳು. ತಾಯಿಗೆ ಹಿಂದೆ ಹಾಗೇನಾದರೂ ಆಗಿದ್ದರೆ ಮಗಳಿಗೂ ಭಯ ಹೆಚ್ಚು, ಒಂದು ಸಣ್ಣ ಗುಳಿಗೆಯನ್ನು ಈಗಲೇ ಶುರು ಮಾಡಿದರೆ ಅನುಕೂಲ, ತಡವಾದರೆ ಅಷ್ಟು ಉಪಯೋಗವಿಲ್ಲ ಎಂದರು ಡಾಕ್ಟರಮ್ಮ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. ಆಮೇಲೆ ಅಂದಳು:

"ನೀ ತುಸು ಹೊರಗ ಕುಂದರವ್ವಾ. ನಂದೂ ಬಿ.ಪಿ. ತೋರಿಸೂದೈತಿ."

ಬಾಗಿಲು ಮುಚ್ಚಿತು. ಬಿ.ಪಿ. ನೋಡಲು ಇಷ್ಟು ಹೊತ್ತು ಯಾಕೆ ಬೇಕು ಎಂದು ಬೆಂಚಿನ ಮೇಲೆ ಕೂತ ನನಗೆ ನಿಜಕ್ಕೂ ಹೆದರಿಕೆಯಾಯಿತು. ಹೊರಬಂದ ಅವ್ವನ ಕಣ್ಣು ಕೆಂಪಾಗಿದ್ದವು. ಡಾಕ್ಟರಮ್ಮ ನನಗೆ ದಿನಾ ರಾತ್ರಿ ನುಂಗಲು ಗುಳಿಗೆ ಬರೆದುಕೊಟ್ಟರು. ನಿಮ್ಮಮ್ಮ ಬಹಳ ಒಳ್ಳೆಯ ಕೆಲಸ ಮಾಡಿದರು ಎಂದು ತೆಲುಗಿನಲ್ಲಿ ಅಂದರು, ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಬಸ್ಸಿನಲ್ಲಿ ಅವ್ವನನ್ನೇ ಕೇಳಿದೆ. ತನ್ನ ಬಿ.ಪಿ. ಹೆಚ್ಚಾಗಿದೆ, ಉಪ್ಪು ಕಡಿಮೆ ಮಾಡಲು ಹೇಳಿದ್ದಾರೆ ಎಂದಳು. ಸಂಜೆ ನೋಡಿದರೆ ಆರಾಮಾಗಿ ಉಪ್ಪಿನಕಾಯಿ ನೆಕ್ಕುತ್ತ ಕೂತಿದ್ದಳು. ಉಪ್ಪು ಬಿಡುವುದು ಅವಳಿಂದ ಆಗದ ಮಾತು ಎಂದುಕೊಂಡು ನಾನು ಸುಮ್ಮನಾದೆ.

ಮುಂದೆ ತಿಂಗಳು ತಿಂಗಳೂ ಕೂಸಿನ ಬೆಳವಣಿಗೆ ನೋಡಿದರು. ಬಿ.ಪಿ. ಕೊನೆಗೆ ಸ್ವಲ್ಪ ಕಾಡಿಸಿತು, ಕೈ ಮೀರಲಿಲ್ಲ. ಮಗಳು ಹುಟ್ಟಿದಳು; ಆಕಾರ ತುಸು ಚಿಕ್ಕದು, ದನಿ ಮಾತ್ರ ಮೂರು ಓಣಿಗೆ ಸಾಲುವಷ್ಟು. ಕೂಸನ್ನು ಎತ್ತಿಕೊಂಡ ಅವ್ವ ಎಷ್ಟು ಅತ್ತಳೆಂದರೆ ನರ್ಸೇ ನೀರು ತಂದು ಕೊಡಬೇಕಾಯಿತು. ಮೊಮ್ಮಗಳು ಬಂದ ಖುಷಿ ಎಂದು ನಾನು ನಗುತ್ತಿದ್ದೆ.

ಈಗ ತಂಗಿ ಬಸುರಿ. ಖಣ ಮಡಚಿಟ್ಟು ಅವಳಿಗೆ ಫೋನು ಹಚ್ಚಿದೆ. ತಪಾಸಣೆಗೆ ಅವ್ವನನ್ನು ಕರೆದುಕೊಂಡು ಹೋಗು, ಹೊರಗೆ ಕೂರಲು ತಯಾರಾಗಿರು ಎಂದು ನಗುತ್ತ ಹೇಳಿದೆ. ತಂಗಿ ನಗಲಿಲ್ಲ.

"ಈ ಸಲ ಮುಚ್ಚಿಡೂದು ಬ್ಯಾಡಂತ ಅವ್ವ ನನಗ ಎಲ್ಲಾ ಹೇಳ್ಯಾಳ ಅಕ್ಕಾ. ನಿನಕಿಂತ ಮೊದಲ ಒಂದು ಕೂಸು ಇತ್ತಂತ. ಬಿ.ಪಿ. ಏರಿ, ಹೊಟ್ಟ್ಯಾಗ ಸರಿಯಾಗಿ ಬೆಳೀಲೇ ಇಲ್ಲಂತ, ಉಳೀಲೂ ಇಲ್ಲಂತ. ಗಿರಿಜಾ ಅಂತ ಹೆಸರಿಟ್ಟಿದ್ದಳಂತ."

ಇಷ್ಟು ವರ್ಷ ಹಿರಿಯ ಮಗಳೆಂದು ಮೆರೆದ ನಾನು ನಡುವಿನವಳಾಗಿದ್ದೆ. ಅಳು ಬಂತು; ಅದರ ಹಿಂದೆಯೇ, ನನಗೂ ಒಬ್ಬಳು ಅಕ್ಕ ಇದ್ದಳಲ್ಲ ಎಂಬ ಸಂತೋಷವೂ ಬಂತು. ಅವ್ವನಿಗೆ ಫೋನು ಮಾಡಿ ಗಿರಿಜಕ್ಕನ ಬಗ್ಗೆ ಹೇಳು ಎಂದೆ.

"ನಿಂತೀ ಏನು?" ಅಂದಳು ಅವ್ವ. "ಕುಂದರು. ಹೇಳ್ತೀನಿ."