ಪೂಜೆಗೆ ಕೂತ ತಕ್ಕಡಿ

ನಾನು ಹುಟ್ಟಿದ್ದು ಹೋಟೆಲಿನವರ ಮನೆಯಲ್ಲಿ. ಸಾಂಬಾರಿಗೆ ಉಪ್ಪು ಹಾಕಲು ಚಮಚ ಹುಡುಕುವವನನ್ನು ನಮ್ಮಲ್ಲಿ ಅಡುಗೆಯವನೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ನ್ಯೂಯಾರ್ಕಿನ ಬೆಲ್‌ರೋಸಿನಲ್ಲಿ ನಾನು ಪಾಲಿನಲ್ಲಿ ನಡೆಸುವ ಹೋಟೆಲಿನಲ್ಲೂ ಇವತ್ತಿಗೂ ನನ್ನ ಕೈಯೇ ಅಳತೆ. ಹಾಗಾಗಿ ವೇಪ್ ಪೆನ್ನಿಗೆ, ಅಂದರೆ ಇ-ಸಿಗರೇಟಿಗೆ, ತುಂಬುವ ದ್ರವವನ್ನು ಮನೆಯಲ್ಲೇ ಬೆರೆಸಿಕೊಳ್ಳಬಹುದು ಎಂದು ತಿಳಿದಾಗ, ಇದೇನು ಮಹಾ, ಅಂದುಕೊಂಡೆ.

ಬೆರೆಸುವ ದರ್ದು ಬಿದ್ದದ್ದು ನನ್ನ ಹಾಡಿನಿಂದ. ನಾನು ತಾಳಮದ್ದಳೆಯ ಭಾಗವತ. ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲೇ ನಡೆಯುವ ಯಕ್ಷಗಾನ ಅದು. ಅರ್ಥ ಹೇಳುವವರು ಮಾತಿನಲ್ಲಿ ಜಗಳವಾಡುತ್ತಾರೆ, ಭಾಗವತ ಪದ್ಯ ಹಾಡಿ ಕಥೆ ನಡೆಸುತ್ತಾನೆ. ನ್ಯೂಜೆರ್ಸಿಯ ಹಿಲ್ಸ್‌ಬರೋದಲ್ಲಿ ನಮ್ಮ ಕರಾವಳಿಯವರದೊಂದು ತಂಡವಿದೆ. ಪ್ರತಿ ವಿಜಯದಶಮಿಗೆ ಒಂದು ಪ್ರಸಂಗ. ಒಂದು ವರ್ಷ ಯುದ್ಧದ ಪದ್ಯ ಮೇಲಿನ ಸ್ವರಕ್ಕೆ ಏರಿದಾಗ ನನ್ನ ಉಸಿರು ಕೈಕೊಟ್ಟಿತು. ಸ್ವರ ಒಡೆದು ಕೆಮ್ಮು ಬಂತು. ತಂಡ ಕಟ್ಟಿದ ಹಿರಿಯರೇ ನಮಗೆ ಮದ್ದಳೆ ನುಡಿಸುವುದು. ಅವರು ಪೆಟ್ಟು ಜೋರು ಮಾಡಿ ನನ್ನ ಮಾನ ಮುಚ್ಚಿದರು. ಆಮೇಲೆ ಪಾರ್ಕಿಂಗ್ ಲಾಟಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು.

"ಭಾಗವತ್ರೆ, ನಿಮ್ಮ ಸಿಗರೇಟು ನಿಮ್ಮ ಸ್ವಂತ ವಿಷಯ. ಆದ್ರೆ ಬರುವ ವರ್ಷವೂ ಹೀಗೇ ಆದ್ರೆ ನಾನು ಬಾಸ್ಟನ್ನಿನ ಭಾಗವತರನ್ನು ಕರೆಸ್ತೇನೆ. ಬೇಜಾರು ಮಾಡ್ಬೇಡಿ."

ಬೇಜಾರಾಯಿತು. ಬೇಜಾರಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಈ ದೇಶದಲ್ಲಿ ಪೂರ್ತಿ ನನ್ನದು ಎಂದು ಹೇಳಿಕೊಳ್ಳುವುದಕ್ಕೆ ನನಗಿರುವುದು ಭಾಗವತನ ಆ ಆಸನ ಒಂದೇ. ಮನೆ ಬ್ಯಾಂಕಿನದು, ಹೋಟೆಲು ಪಾಲಿನದು, ಮಗಳ ಮಾತು ಇಂಗ್ಲಿಷಿನದು. ಭಾಗವತಿಕೆಯನ್ನೂ ಬಾಸ್ಟನ್ನಿಗೆ ಬಿಟ್ಟುಕೊಡುವುದೆಂದರೆ ನನಗೆ ಉಳಿಯುವುದೇನು?

ಸಿಗರೇಟು ಬಿಟ್ಟು ವೇಪ್ ಹಿಡಿದೆ. ಆದರೆ ನಮ್ಮ ರಾಜ್ಯದಲ್ಲಿ ಹಣ್ಣು ಹೂವಿನ ಪರಿಮಳದ ದ್ರವ ಮಾರುವಂತಿಲ್ಲ. ಅಂಗಡಿಯಲ್ಲಿ ಸಿಗುವುದು ತಂಬಾಕಿನ ರುಚಿಯದು. ಒಂದು ಸಲ ಎಳೆದರೆ ಬಿಟ್ಟ ಸಿಗರೇಟು ಹೆಸರು ಹಿಡಿದು ಕರೆಯುತ್ತದೆ. ಅದರ ಖಾರವನ್ನು ನಮಗೆ ಬೇಕಾದಷ್ಟೇ ಇಳಿಸಿಕೊಳ್ಳಲೂ ಬರುವುದಿಲ್ಲ. ಮನೆಯಲ್ಲೇ ಬೆರೆಸಿದರೆ ನಿಕೋಟಿನ್ ಎಷ್ಟು ಎಂಬುದು ನನ್ನ ಕೈಯಲ್ಲಿರುತ್ತದೆ, ಸ್ವಲ್ಪಸ್ವಲ್ಪವೇ ಇಳಿಸಿ ಸೊನ್ನೆಗೆ ತರಬಹುದು ಎಂದು ಲೆಕ್ಕ ಹಾಕಿದೆ. ಗ್ಲಿಸರಿನ್, ಗ್ಲೈಕಾಲ್, ಪರಿಮಳದ ಸಣ್ಣ ಬಾಟಲಿ, ನಿಕೋಟಿನ್ ದ್ರವ ಎಲ್ಲ ಕೂಡಿಸಿಕೊಂಡು, ಒಂದು ಭಾನುವಾರ ಊಟವಾದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ಶುರು ಮಾಡಿಯೇಬಿಟ್ಟೆ.

ಅಳತೆ ಎಲ್ಲಿಂದ ಬರಬೇಕು? ಕಣ್ಣಂದಾಜು. ಎರಡು ಎಳೆತಕ್ಕೆ ತಲೆ ಗಿರ್ರೆಂದಿತು. ಮೂರನೆಯದಕ್ಕೆ ಉಂಡ ಊಟವೆಲ್ಲ ಸಿಂಕಿಗೆ ಸಮರ್ಪಣೆಯಾಯಿತು. ನನ್ನ ಹೆಂಡತಿ ಲಾಂಗ್ ಐಲ್ಯಾಂಡಿನಲ್ಲಿ ಫಾರ್ಮಸಿಸ್ಟ್. ಅವಳು ಓಡಿ ಬಂದು ಮೊದಲು ನನ್ನ ಕೈ ನೋಡಿದಳು, ಆಮೇಲೆ ಮುಖ.

"ಇದು ಸಾಂಬಾರಲ್ಲ ಮಾರಾಯ್ರೆ. ನಿಕೋಟಿನ್ ಅಂದ್ರೆ ವಿಷ, ಚರ್ಮದಿಂದಲೂ ಒಳಗೆ ಹೋಗ್ತದೆ. ಗ್ಲೌಸ್ ಎಲ್ಲುಂಟು?"

ಗ್ಲೌಸ್ ಇರಲಿಲ್ಲ. ಅವಳ ಕಣ್ಣಿಗೆ ಬಿದ್ದದ್ದು ಇನ್ನೊಂದು. ಪಾಯಸಕ್ಕೆ ಹಾಕುವ ಏಲಕ್ಕಿ ಎಣ್ಣೆಯ ಶೀಶೆಯನ್ನು ನಾನು ಮುಚ್ಚಳ ತೆಗೆದು ಸಾಲಿನಲ್ಲಿ ನಿಲ್ಲಿಸಿದ್ದೆ.

"ಇದು ಎಂತಕ್ಕೆ?"

"ಪರಿಮಳಕ್ಕೆ."

"ಎಣ್ಣೆ ಶ್ವಾಸಕೋಶಕ್ಕೆ ಹೋದ್ರೆ ನಿಮ್ಮ ಪದ್ಯ ನಿಲ್ಲುದಲ್ಲ, ನೀವೇ ನಿಲ್ತೀರಿ," ಎಂದು ಶೀಶೆ ಕಿತ್ತುಕೊಂಡಳು.

ಹಾಗೆ ನನ್ನ ಅಡುಗೆಮನೆಗೆ ಒಂದು ಪುಟ್ಟ ಡಿಜಿಟಲ್ ತಕ್ಕಡಿ ಬಂತು. ಅಂಗೈಯಗಲದ್ದು, ಒಂದು ಹನಿ ಬಿದ್ದರೂ ಅಂಕಿ ಬದಲಾಗುತ್ತದೆ. ಗ್ಲೌಸ್ ಹಾಕಿ, ಕಿಟಕಿ ತೆರೆದು, ಒಂದೊಂದು ದ್ರವ ಹಾಕುವ ಮೊದಲೂ ಅಂಕಿಯನ್ನು ಸೊನ್ನೆಗೆ ತಂದು ತೂಗಬೇಕು. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಬೀಗದ ಕಪಾಟಿಗೆ ಸೇರಿಸಬೇಕು. ಇವು ಹೆಂಡತಿಯ ಶಾಸನ. ಉಪ್ಪಿಗೆ ಚಮಚ ಹುಡುಕದ ನಾನು ದಶಮಾಂಶ ನೋಡುತ್ತ ಉಸಿರು ಬಿಗಿಹಿಡಿದು ಕೂರುವುದನ್ನು ನಮ್ಮ ಅಪ್ಪ ನೋಡಿದ್ದರೆ ಮನೆಯಿಂದ ಹೊರಗೆ ಹಾಕುತ್ತಿದ್ದರು. ಆದರೆ ಹೇಳುತ್ತೇನೆ, ಅದರಲ್ಲಿ ಒಂದು ಸುಖವಿತ್ತು. ಬೆರೆಸಿದ್ದನ್ನು ಕೂಡಲೇ ಸೇದುವಂತಿಲ್ಲ, ಕತ್ತಲಲ್ಲಿಟ್ಟು ಉಪ್ಪಿನಕಾಯಿಯ ಹಾಗೆ ಕಳಿಯಲು ಬಿಡಬೇಕು. ಮೊದಲಿನ ಕೆಲವು ಬಾಟಲಿಗಳಿಗೆ ಸೋಪಿನ ರುಚಿ ಬಂತು. ವೇಪಿಗೆಂದೇ ಮಾಡಿದ, ಎಣ್ಣೆಯಿಲ್ಲದ ಏಲಕ್ಕಿ ಪರಿಮಳಕ್ಕೆ ಒಂಚೂರು ಕೆನೆಯ ಪರಿಮಳ ಸೇರಿಸಿ ಇಟ್ಟ ಬಾಟಲಿ ತೆರೆದ ದಿನ ಮಾತ್ರ ಮದುವೆ ಮನೆಯ ಪಾಯಸದ ಕಡಾಯಿಯ ಎದುರು ನಿಂತ ಹಾಗಾಯಿತು. ಖುಷಿಗೆ ಹೆಂಡತಿಗೆ ಸ್ವಂತ ಕೈಯಾರೆ ಕಾಫಿ ಮಾಡಿಕೊಟ್ಟೆ.

ಅಪ್ಪ ಗಿರಾಕಿಗಳಿಗೆ ತಿಳಿಯದ ಹಾಗೆ ಕಾಫಿಪುಡಿಗೆ ಚಿಕೋರಿ ಏರಿಸುತ್ತಿದ್ದರು. ನಾನು ನನಗೇ ತಿಳಿಯದ ಹಾಗೆ ಬಾಟಲಿಯಿಂದ ಬಾಟಲಿಗೆ ನಿಕೋಟಿನ್ ಇಳಿಸಿದೆ. ಬೇಸಿಗೆ ಮುಗಿಯುವಾಗ ಕೆಮ್ಮು ಹೋಗಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿರಲಿಲ್ಲ. ಆದರೆ ಕೊನೆಯ ಒಂದಿಷ್ಟು ನಿಕೋಟಿನ್ ಜಿಗುಟು ಗಿರಾಕಿಯ ಹಾಗೆ ಎದ್ದು ಹೋಗಲು ಒಪ್ಪಲಿಲ್ಲ. ಅಭ್ಯಾಸಕ್ಕೆ ಕೂತರೆ ಪ್ರತಿ ಪದ್ಯಕ್ಕೆ ಮೊದಲು ಕೈ ಪೆನ್ನಿಗೆ ಹೋಗುತ್ತಿತ್ತು. ಮದ್ದಳೆಯ ಹಿರಿಯರು ಅದನ್ನೂ ನೋಡಿದರು.

"ಅದನ್ನು ಎಳೀದೆ ಪದ್ಯ ಬರುದಿಲ್ವಾ ಭಾಗವತ್ರೆ?"

"ಬರ್ತದೆ," ಅಂದೆ. ಬರುತ್ತಿರಲಿಲ್ಲ.

ಅಷ್ಟರಲ್ಲಿ ನವರಾತ್ರಿ ಬಂತು. ನಮ್ಮಲ್ಲಿ ಮೂಲಾ ನಕ್ಷತ್ರದ ದಿನ ಪುಸ್ತಕಗಳನ್ನು ಪೂಜೆಗಿಡುವುದು ಪದ್ಧತಿ. ಜೊತೆಗೆ ಅನ್ನ ಕೊಡುವ, ವಿದ್ಯೆ ಕೊಡುವ ಸಾಮಾನುಗಳನ್ನೂ ಇಡುತ್ತೇವೆ. ಹೆಂಡತಿ ಮಾತ್ರೆ ಎಣಿಸುವ ತಟ್ಟೆ ಇಟ್ಟಳು. ಕಾಲೇಜಿಗೆ ಹೋಗುವ ಮಗಳು ಹಳೆಯ ಲ್ಯಾಪ್‌ಟಾಪು ಇಟ್ಟಳು, ಹೊಸತನ್ನು ಜಾಣತನದಿಂದ ರೂಮಿನಲ್ಲೇ ಉಳಿಸಿಕೊಂಡಳು. ನಾನು ನನ್ನ ತಾಳ ಇಟ್ಟೆ. ಇಟ್ಟವನು ಸುಮ್ಮನಿರಬಹುದಿತ್ತು. ಇಡೀ ವರ್ಷ ಕಷ್ಟಪಟ್ಟು ಕಲಿತ ವಿದ್ಯೆ ಇದೂ ಅಲ್ಲವೇ ಎಂಬ ಜಂಬ ತಲೆಗೇರಿತು. ತಕ್ಕಡಿ ತಂದೆ, ಬಾಟಲಿಗಳನ್ನು ತಂದೆ, ಸಾಲು ಚೆಂದ ಕಾಣಲಿ ಎಂದು ಜೇಬಿನಲ್ಲಿದ್ದ ವೇಪ್ ಪೆನ್ನನ್ನೂ ತೆಗೆದು ತಕ್ಕಡಿಯ ಮೇಲೆ ಮಲಗಿಸಿದೆ.

"ಇದನ್ನೂ ಇಡುದಾ?" ಎಂದು ಹೆಂಡತಿ ಕೇಳಿದಳು.

"ಇಡುದೇ. ಕುಂಕುಮ ಹಚ್ಚು."

ಹಚ್ಚಿದಳು. ಹೂ ಏರಿಸಿ ಮಂಗಳಾರತಿ ಎತ್ತಿದಳು. ನಾವು ಕೈಮುಗಿದು ಎದ್ದ ಮೇಲೆ ಯಾವತ್ತಿನಂತೆ ಹೇಳಿದಳು:

"ಇನ್ನು ದಶಮಿ ತನಕ ಇದನ್ನು ಯಾರೂ ಮುಟ್ಲಿಕ್ಕಿಲ್ಲ."

ಆಗ ನನಗೆ ಬೆಳಕು ಹರಿಯಿತು. ಪೂಜೆಗಿಟ್ಟದ್ದನ್ನು ದಶಮಿಯವರೆಗೆ ಮುಟ್ಟಬಾರದು ಎಂಬ ನಿಯಮವನ್ನು ಚಿಕ್ಕವನಿದ್ದಾಗ ನನ್ನಷ್ಟು ಭಕ್ತಿಯಿಂದ ಪಾಲಿಸಿದವರು ಊರಿನಲ್ಲೇ ಇರಲಿಲ್ಲ, ಗಣಿತದ ಪುಸ್ತಕವನ್ನು ಎಲ್ಲರಿಗಿಂತ ಮೊದಲು ದೇವರ ಮುಂದೆ ಇಡುತ್ತಿದ್ದವನು ನಾನೇ. ಈಗ ನಾನೇ ತೋಡಿದ ಹಳ್ಳಕ್ಕೆ ನಾನೇ ಬಿದ್ದಿದ್ದೆ. ಸಂಜೆಯ ಹೊತ್ತಿಗೆ ಬೆರಳುಗಳು ಖಾಲಿ ಜೇಬನ್ನು ಪರಚತೊಡಗಿದವು.

ಮಗಳಿಗೆ ಕನಿಕರ ಬಂತು. "ಜಸ್ಟ್ ಟೇಕ್ ಇಟ್, ಅಪ್ಪ. ಸರಸ್ವತಿ ವೋಂಟ್ ಮೈಂಡ್."

"ಮೈಂಡ್ ಮಾಡ್ತಾಳೆ," ಎಂದು ರೇಗಿದೆ. ಅದೇ ಪೀಠದ ಮೇಲೆ ನನ್ನ ತಾಳವೂ ಇತ್ತು. ಪದ್ಯ ಕೊಡು ಎಂದು ಬೇಡಿಕೊಂಡ ಪೀಠದಿಂದಲೇ ಪದ್ಯ ಕೆಡಿಸುವುದನ್ನು ಕದಿಯುವುದು ಹೇಗೆ?

ಆ ದಿನಗಳಲ್ಲಿ ನನ್ನ ಹತ್ತಿರ ಯಾರೂ ಸುಳಿಯಲಿಲ್ಲ. ಹೋಟೆಲಿನಲ್ಲಿ ದೋಸೆ ಕಾವಲಿಗೂ ನಾನು ಬೈದೆನಂತೆ. ಒಂದು ಮಧ್ಯಾಹ್ನ ಕಾಲು ತಾನಾಗಿ ಪೆಟ್ರೋಲ್ ಬಂಕಿನ ಅಂಗಡಿಗೆ ಹೋಯಿತು. ಸಿಗರೇಟು ಪೂಜೆಗಿಟ್ಟಿಲ್ಲವಲ್ಲ, ಎಂದು ಮನಸ್ಸು ವಾದ ಹೂಡಿತು, ನಮ್ಮ ಅರ್ಥಧಾರಿಗಳಿಗೂ ಅಂಥ ವಾದ ಹೊಳೆಯದು. ಕೌಂಟರಿನವನು ಏನು ಬೇಕೆಂದು ಕೇಳಿದ. ಏರುಸ್ವರದ ಆ ಪದ್ಯದಲ್ಲಿ ಕೆಮ್ಮಿದ್ದು, ಜನ ನೆಲ ನೋಡಿದ್ದು ನೆನಪಾಯಿತು. ಶುಂಠಿ ಪೆಪ್ಪರಮಿಂಟು ಕೊಂಡು ಹೊರಗೆ ಬಂದೆ. ಕಣ್ಣಲ್ಲಿ ನೀರು ಬಂತು, ಶುಂಠಿಯ ಖಾರಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ.

ದಶಮಿಯ ಬೆಳಿಗ್ಗೆ ಪೂಜೆಯಾದ ಮೇಲೆ ಹೆಂಡತಿ ಒಬ್ಬೊಬ್ಬರ ಸಾಮಾನು ಎತ್ತಿ ಅವರವರಿಗೆ ಕೊಟ್ಟಳು. ನನ್ನ ಎಡಗೈಗೆ ತಾಳ ಬಂತು. ಅವಳು ಪೆನ್ನನ್ನೂ ಚಾಚಿದಳು.

"ಬೇಡ. ಮೊದಲು ಪದ್ಯ."

ಅವಳು ಪೆನ್ನನ್ನು ಮತ್ತೆ ಪೀಠದ ಮೇಲಿಟ್ಟಳು. ಕಾರಿನ ಕೀ ಮಾತ್ರ ತಾನೇ ತೆಗೆದುಕೊಂಡಳು, ನನ್ನ ಸಿಟ್ಟಿನಲ್ಲಿ ನ್ಯೂಜೆರ್ಸಿಯ ಹಾದಿಯ ವೆರಜಾನೊ ಸೇತುವೆ ದಾಟುವುದು ಕ್ಷೇಮವಲ್ಲವೆಂದು.

ಹಿಲ್ಸ್‌ಬರೋದ ಹಾಲಿನಲ್ಲಿ ಮೊದಲ ಸಾಲಿನಲ್ಲೇ ಬಾಸ್ಟನ್ನಿನ ಭಾಗವತರು ಕೂತಿದ್ದರು, ತೊಡೆಯ ಮೇಲೆ ತಾಳದ ಚೀಲ. ಹಿರಿಯರು ನನ್ನ ಮುಖ ನೋಡದೆ, "ಎಂತಕ್ಕೂ ಇರ್ಲಿ ಅಂತ ಬರ್ಲಿಕ್ಕೆ ಹೇಳಿದ್ದೆ," ಅಂದರು. ಹೊಟ್ಟೆಯೊಳಗೆ ಬೆಂಕಿ ಬಿತ್ತು. ಒಳ್ಳೆಯದೇ ಆಯಿತು, ಯುದ್ಧದ ಪದ್ಯಕ್ಕೆ ಬೇಕಾದದ್ದು ಅದೇ.

ಪದ್ಯ ಏರಿತು. ನನ್ನ ಸ್ವರ ಒಡೆದ ಜಾಗ ಹತ್ತಿರ ಬಂದಾಗ, ಮತ್ತೆ ಮಾನ ಮುಚ್ಚುವುದಕ್ಕೆ ಹಿರಿಯರ ಕೈ ಮದ್ದಳೆಯ ಮೇಲೆ ಸಿದ್ಧವಾಗುವುದು ಕಂಡಿತು. ಸ್ವರ ಹಿಡಿದೆ. ಅದು ನಿಂತಿತು. ಇನ್ನೂ ಹಿಡಿದೆ. ಎದೆಯಲ್ಲಿ ಇನ್ನೂ ಉಸಿರಿತ್ತು, ಇಷ್ಟು ವರ್ಷ ಎಲ್ಲಿ ಅಡಗಿತ್ತೋ ತಿಳಿಯದು. ಹಿರಿಯರು ನನ್ನನ್ನು ನೋಡಿದರು, ನಿಧಾನವಾಗಿ ಎರಡೂ ಕೈ ಮದ್ದಳೆಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡರು. ಆ ಹಾಲಿನಲ್ಲಿ ನನ್ನ ದನಿ ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ಬೇಕೆಂದಾಗ ಅದನ್ನು ಇಳಿಸಿದೆ, ಆಗಲೇ ಮದ್ದಳೆಯ ಪೆಟ್ಟು ಬಿತ್ತು.

ಮಂಗಳ ಹಾಡಿ ಎದ್ದಾಗ ಬಾಸ್ಟನ್ನಿನವರೇ ಬಂದು ನನ್ನ ಕೈ ಹಿಡಿದರು. ಒಳ್ಳೆಯ ಮನುಷ್ಯ.

"ನನ್ನ ತಾಳವನ್ನು ಚೀಲದಿಂದ ಹೊರಗೆ ತೆಗಿಲಿಕ್ಕೇ ಬಿಡ್ಲಿಲ್ಲ ನೀವು," ಎಂದು ನಕ್ಕರು.

"ಬರುವ ವರ್ಷವೂ ಬನ್ನಿ," ಅಂದೆ. "ಚೀಲ ಮನೆಯಲ್ಲೇ ಬಿಟ್ಟು ಬನ್ನಿ."